ಮಂಗಳೂರಿನಲ್ಲಿ ಎರಡು ದಿನ ಇದ್ದರೆ ಏನೇನು ನೋಡಬಹುದು?

ನವೆಂಬರಿನಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಮಂಗಳೂರಿಗೆ ಬರುತ್ತಿದ್ದೇನೆ, ಎರಡು ದಿನ ಇದೆ, ಹೆಸರುವಾಸಿ ಜಾಗಗಳೂ ಬೇಕು, ಒಳ್ಳೆಯ ನೋಟವೂ ಬೇಕು ಎಂದಿದ್ದೀರಿ. ಪೇಟೆ ಮಧ್ಯದಲ್ಲೇ ಸಮುದ್ರ ಕಾಣುವ ರೂಮು ಸಿಗುತ್ತದಾ ಅಂತಲೂ ಕೇಳಿದ್ದೀರಿ. ನಾನು ಇಲ್ಲಿಯವನೇ, ಹಾಗಾಗಿ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ.

ಪೇಟೆಯ ನಡುವಿನ ಹಂಪನಕಟ್ಟೆಯಲ್ಲಿ ನಿಂತು ಸಮುದ್ರ ಹುಡುಕಬೇಡಿ. ಹಳೆ ಮಂಗಳೂರು ಬೆಳೆದದ್ದು ಕಡಲ ತೀರದಲ್ಲಲ್ಲ, ನದಿಯ ದಡದಲ್ಲಿ. ತೆಂಕಿನಿಂದ ನೇತ್ರಾವತಿ, ಬಡಗಿನಿಂದ ಗುರುಪುರ ನದಿ, ಅಂದರೆ ಫಲ್ಗುಣಿ, ಎರಡೂ ಬಂದು ಒಂದೇ ಅಳಿವೆ ಬಾಗಿಲಲ್ಲಿ ಸಮುದ್ರ ಸೇರುತ್ತವೆ. ಊರಿಗೂ ಕಡಲಿಗೂ ನಡುವೆ ಬೆಂಗ್ರೆಯ ಮರಳ ಪಟ್ಟಿ ಉದ್ದಕ್ಕೆ ಅಡ್ಡ ಮಲಗಿದೆ. ಮುಂಬೈಯ ಮರೀನ್ ಡ್ರೈವ್ ಥರ ಇರುತ್ತದೆ ಅಂದುಕೊಂಡು ಬಂದವರಿಗೆ ಇಲ್ಲಿ ನಿರಾಸೆ ಆಗುವುದು ಇದಕ್ಕೇ. ನದಿಯನ್ನು ಹಿಡಿದುಕೊಂಡು ಊರು ನೋಡಿ, ಆಗ ಎಲ್ಲ ಸರಿಯಾಗಿ ಕಾಣುತ್ತದೆ.

ಮೊದಲ ದಿನ ಸಂಜೆ ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋಗಿ. ದೊಡ್ಡ ಕೋಟೆ ಅಂದುಕೊಳ್ಳಬೇಡಿ, ಇದೊಂದು ಕಾವಲು ಬುರುಜು ಅಷ್ಟೇ. 1784ರಲ್ಲಿ ಟಿಪ್ಪು ಕಟ್ಟಿಸಿದ್ದು, ಕಪ್ಪು ಕಲ್ಲಿನದು. ಶತ್ರುಗಳ ಹಡಗು ನದಿಯೊಳಗೆ ನುಗ್ಗದ ಹಾಗೆ ತಡೆಯಬೇಕಿತ್ತು. ಮೆಟ್ಟಿಲು ಹತ್ತಿ ಮೇಲೆ ಹೋದರೆ ಸುತ್ತಲೂ ಗೋಡೆಯಲ್ಲಿ ತೋಪಿನ ಕಿಂಡಿಗಳು. ಒಂದರಲ್ಲಿ ಕಣ್ಣಿಟ್ಟು ನೋಡಿ: ನೇರ ನದಿಯೇ ಕಾಣುತ್ತದೆ, ಬೇರೇನೂ ಇಲ್ಲ. ಇದನ್ನು ಇಲ್ಲೇ ಯಾಕೆ ಕಟ್ಟಿದರು ಅಂತ ಆಮೇಲೆ ಯಾರೂ ವಿವರಿಸಬೇಕಾಗಿಲ್ಲ. ಬುರುಜಿಗೆ ಹತ್ತು ನಿಮಿಷ ಸಾಕು. ಅಸಲಿ ಮಜಾ ಇರುವುದು ಪಕ್ಕದ ಕಡವಿನಲ್ಲಿ. ಅಲ್ಲಿಂದ ಸಣ್ಣ ಬೋಟು ಹತ್ತಿದರೆ ಆಚೆ ದಡವೇ ತಣ್ಣೀರುಬಾವಿ. ಇಳಿದು ಸ್ವಲ್ಪ ನಡೆದರೆ ಬೀಚು. ಈ ಕಡೆ ಬೆನ್ನಿಗೆ ನದಿ, ಆ ಕಡೆ ಎದುರಿಗೆ ಅರಬ್ಬಿ ಸಮುದ್ರ. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಒಳ್ಳೆಯ ಸವಾರಿ ಈ ಊರಿನಲ್ಲಿ ಇನ್ನೊಂದಿಲ್ಲ. ಕೊನೆಯ ಬೋಟು ಎಷ್ಟು ಹೊತ್ತಿಗೆ ಅಂತ ಹೋಗುವಾಗಲೇ ಕೇಳಿಕೊಳ್ಳಿ. ತಪ್ಪಿದರೆ ಕೂಳೂರು ಸೇತುವೆ ಸುತ್ತಿಕೊಂಡು ಬರಬೇಕಾಗುತ್ತದೆ.

ಎರಡನೇ ದಿನ ಬೆಳಿಗ್ಗೆ ಬೇಗ ಎದ್ದು ದಕ್ಕೆಗೆ, ಅಂದರೆ ಮೀನುಗಾರರ ಬಂದರಿಗೆ ಹೋಗಿ, ಅಮ್ಮನಿಗೆ ಮೀನಿನ ವಾಸನೆ ಆಗುತ್ತದೆ ಅನ್ನುವುದಾದರೆ ಮಾತ್ರ. ಆಗದಿದ್ದರೆ ನೀವೊಬ್ಬರೇ ಹೋಗಿ ಬನ್ನಿ. ಬೋಟುಗಳು ಒಂದಕ್ಕೊಂದು ತಾಗಿಕೊಂಡು ನಿಂತಿರುತ್ತವೆ. ಬಂಗುಡೆ, ಬೂತಾಯಿ, ಅಂಜಲ್ ಎಲ್ಲ ಬುಟ್ಟಿಗಟ್ಟಲೆ ಇಳಿಯುತ್ತವೆ, ಐಸು ಸುರಿಯುತ್ತಾರೆ, ಅಲ್ಲೇ ಏಲಂ ಕೂಗುತ್ತಾರೆ. ತುಳು, ಬ್ಯಾರಿ, ಕೊಂಕಣಿ, ಮಲಯಾಳ ಎಲ್ಲ ಒಟ್ಟಿಗೆ ಕಿವಿಗೆ ಬೀಳುತ್ತದೆ. ನೆಲ ಜಾರುತ್ತದೆ, ಒಳ್ಳೆ ಚಪ್ಪಲಿ ಹಾಕಬೇಡಿ. ಫೋಟೋ ತೆಗೆಯುವ ಭರದಲ್ಲಿ ಹೊರೆ ಹೊತ್ತವರಿಗೆ ಅಡ್ಡ ನಿಲ್ಲಬೇಡಿ, ಬೈಸಿಕೊಳ್ಳುತ್ತೀರಿ. ನೀವು ಬರುವುದು ನವೆಂಬರಿನಲ್ಲಿ ಆದ್ದರಿಂದ ಸರಿ. ಜೂನ್, ಜುಲೈನಲ್ಲಿ ಯಾಂತ್ರಿಕ ಬೋಟುಗಳಿಗೆ ರಜೆ, ಆಗ ಬಂದರೆ ದಕ್ಕೆ ಖಾಲಿ.

ಇದೇ ಹಳೆ ಬಂದರು. ಅಳಿವೆಯಲ್ಲಿ ಮರಳು ತುಂಬುವುದರಿಂದ ದೊಡ್ಡ ಹಡಗುಗಳು ಒಳಗೆ ಬರಲಾಗದೆ ಹೊರಗೆ ಕಡಲಲ್ಲೇ ನಿಲ್ಲುತ್ತಿದ್ದವು, ಸರಕು ಸಣ್ಣ ದೋಣಿಗಳಲ್ಲಿ ಹೋಗಿಬರುತ್ತಿತ್ತು. ಆಮೇಲೆ 1970ರ ದಶಕದಲ್ಲಿ ಪಣಂಬೂರಿನಲ್ಲಿ ಹೊಸ ಬಂದರು ಆಯಿತು. ಮಂಗಳೂರು ಹೆಂಚು ಕೂಡ ಈ ನದಿಗಳ ಮಣ್ಣಿನದೇ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ಶುರು ಮಾಡಿದರು. ಬಂದರಿನ ಓಣಿಗಳಲ್ಲಿ ಹಳೆ ಹೆಂಚಿನ ಮಾಡುಗಳು ಇನ್ನೂ ಉಳಿದಿವೆ, ಸುಮ್ನೆ ಒಂದು ಸುತ್ತು ಹಾಕಿ.

ಬಿಸಿಲೇರಿದ ಮೇಲೆ ಬಾವುಟಗುಡ್ಡೆಗೆ ಹತ್ತಿ. ಒಂದು ಕಾಲದಲ್ಲಿ ಇಲ್ಲಿಂದ ಕೆಂಪು ಮಾಡುಗಳ ಆಚೆ ಕಡಲು ಕಾಣುತ್ತಿತ್ತು. ಈಗ ಅಪಾರ್ಟ್‌ಮೆಂಟುಗಳೇ ಜಾಸ್ತಿ, ನೋಟಕ್ಕಾಗಿ ಬರುವುದು ವ್ಯರ್ಥ. ಬರಬೇಕಾದದ್ದು ಸಂತ ಅಲೋಶಿಯಸ್ ಚಾಪೆಲ್‌ಗಾಗಿ. ಹೊರಗಿನಿಂದ ನೋಡಿದರೆ ಅಂಥದ್ದೇನಿಲ್ಲ. ಒಳಗೆ ಹೋದರೆ ಗೋಡೆ, ಕಮಾನು, ಚಾವಣಿ ಎಲ್ಲೂ ಖಾಲಿ ಜಾಗ ಬಿಡದ ಹಾಗೆ ಚಿತ್ರ. ಇಟಲಿಯಿಂದ ಬಂದ ಜೆಸ್ವಿಟ್ ಆಂತೋನಿಯೊ ಮೊಸ್ಕೇನಿ 1899ರ ಸುಮಾರಿಗೆ ಇದನ್ನೆಲ್ಲ ಬರೆದದ್ದು. ಕೆಲವು ಹಸಿ ಗಾರೆಯ ಮೇಲೆ ಬರೆದವು, ಕೆಲವು ಕ್ಯಾನ್ವಾಸಿನ ಮೇಲಿನ ಎಣ್ಣೆಬಣ್ಣ. ಹಸಿ ಗಾರೆ ಅಂದರೆ ಅದು ಒಣಗುವ ಮೊದಲೇ ಆ ಭಾಗ ಮುಗಿಸಬೇಕು, ನಮ್ಮ ಸೆಖೆಯಲ್ಲಿ ನಿಂತು, ಕತ್ತು ಮೇಲೆತ್ತಿ! ಅಪ್ಪ ಅಮ್ಮನನ್ನು ಬೆಂಚಿನ ಮೇಲೆ ಕೂರಿಸಿಬಿಡಿ. ಆರಾಮಾಗಿ ಕೂತು ಮೇಲೆ ನೋಡುವ ಜಾಗ ಅದು, ಅವರಿಗೂ ಕಾಲುನೋವಿನ ರಗಳೆ ಇಲ್ಲ.

ಕದ್ರಿ ಮಂಜುನಾಥ ದೇವಸ್ಥಾನ ಅಲ್ಲಿಂದ ದೂರವಿಲ್ಲ. ಎಲ್ಲರೂ ಮಂಜುನಾಥನಿಗೆ ಕೈಮುಗಿದು ಹೊರಟುಬಿಡುತ್ತಾರೆ. ನೀವು ಲೋಕೇಶ್ವರನ ಕಂಚಿನ ವಿಗ್ರಹವನ್ನು ಬಿಡಬೇಡಿ. ಮೂರು ಮುಖ, ಆರು ಕೈ. ಆಳುಪ ದೊರೆ ಕುಂದವರ್ಮನ ಕಾಲದ್ದು, ಪೀಠದ ಶಾಸನದಲ್ಲಿ ಕ್ರಿ.ಶ. 968ರ ಕಾಲ ಇದೆ. ಲೋಕೇಶ್ವರ ಅನ್ನುವುದು ಬೌದ್ಧರ ಬೋಧಿಸತ್ವನ ಹೆಸರೂ ಹೌದು, ಹಾಗಾಗಿ ಇಲ್ಲಿ ಮೊದಲು ಬೌದ್ಧರಿದ್ದರು ಅನ್ನುವ ಮಾತಿಗೆ ಜನ ತೋರಿಸುವುದು ಇದನ್ನೇ. ದೇವಸ್ಥಾನದ ಹಿಂದೆ ಗುಡ್ಡದಿಂದ ಇಳಿದು ಬರುವ ನೀರು ಗೋಮುಖದಲ್ಲಿ ಸುರಿದು ಕೆರೆಗಳಿಗೆ ಹೋಗುತ್ತದೆ. ಮೇಲಿನ ಗುಹೆಗಳಿಗೆ ಮೆಟ್ಟಿಲು ಹತ್ತಬೇಕು, ಹಿರಿಯರಿಗೆ ಬೇಡ.

ಕುದ್ರೋಳಿ ಗೋಕರ್ಣನಾಥ ಕ್ಷೇತ್ರ ದಾರಿಯಲ್ಲಿ ಸಿಕ್ಕಿದರೆ ನೋಡಿ. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ್ದು. ದಸರಾ ಸಮಯದಲ್ಲಿ ಅದರ ಕಳೆಯೇ ಬೇರೆ. ಪಿಲಿಕುಳ ನಿಸರ್ಗಧಾಮಕ್ಕೆ ಅರ್ಧ ದಿನ ಹೋಗುತ್ತದೆ, ಮಕ್ಕಳಿಲ್ಲದಿದ್ದರೆ ಈ ಸಲ ಬಿಟ್ಟುಬಿಡಿ. ಮಧ್ಯಾಹ್ನ ಮೀನು ತಿನ್ನುವವರಾದರೆ ಯಾವುದಾದರೂ ಸಣ್ಣ ಹೋಟೆಲಿನಲ್ಲಿ ಊಟ ಮಾಡಿ, ದೊಡ್ಡ ಬೋರ್ಡಿನ ಕಡೆ ಹೋಗಬೇಡಿ. ಇಲ್ಲದಿದ್ದರೆ ನೀರ್ ದೋಸೆ, ಸಂಜೆಗೆ ಗೋಳಿಬಜೆ.

ಕೊನೆಯ ಸಂಜೆ ಸೋಮೇಶ್ವರಕ್ಕೆ ಇಡಿ. ನೇತ್ರಾವತಿ ಸೇತುವೆ ದಾಟಿ, ರಾಣಿ ಅಬ್ಬಕ್ಕನ ಉಳ್ಳಾಲದ ಮೇಲೆ ಹೋಗಬೇಕು. ಸೇತುವೆ ಮೇಲೆ ಗಾಡಿ ನಿಧಾನ ಮಾಡಿಸಿ, ಎರಡೂ ಬದಿಗೆ ನೀರು, ತೆಂಗು ಬಿಟ್ಟರೆ ಬೇರೇನಿಲ್ಲ. ಸೋಮೇಶ್ವರದಲ್ಲಿ ದೇವಸ್ಥಾನದ ಬುಡದಲ್ಲೇ ದೊಡ್ಡ ಬಂಡೆಗಳು, ಅಲೆ ಬಂದು ಬಡಿಯುತ್ತಲೇ ಇರುತ್ತದೆ. ಇಲ್ಲಿ ನೀರಿಗೆ ಇಳಿಯಬೇಡಿ, ಪಾಚಿಗಟ್ಟಿದ ಬಂಡೆ ಮೇಲೂ ಹತ್ತಬೇಡಿ. ಕಾಲು ನೆನೆಸಲೇಬೇಕು ಅಂದರೆ ತಣ್ಣೀರುಬಾವಿಯಲ್ಲೇ ಮುಗಿಸಿಕೊಳ್ಳಿ. ರೂಮು ಹಂಪನಕಟ್ಟೆ ಸುತ್ತಮುತ್ತಲೇ ಮಾಡಿ, ಸ್ಟೇಟ್ ಬ್ಯಾಂಕ್ ಅಂತ ಕರೆಯುವ ಬಸ್ ನಿಲ್ದಾಣ ಹತ್ತಿರ, ಅಲ್ಲಿಂದ ಇಷ್ಟೂ ಕಡೆಗೆ ಸಿಟಿ ಬಸ್ಸೋ ರಿಕ್ಷಾವೋ ಸಿಗುತ್ತದೆ.