ಎಮ್ಮಿಗೆ ಆಂಟಿಬಯೋಟಿಕ್ ಕೊಡಿಸೀವಿ, ಹಾಲು ಕುದಿಸಿ ಕುಡಿದ್ರ ಸಾಕಲ್ಲ?

ಸಾಲಂಗಿಲ್ರಿ. ಕುದಿಸಿದ್ರ ಹಾಲಿನಾಗಿನ ಬ್ಯಾಕ್ಟೀರಿಯಾ ಸಾಯ್ತಾವ, ಖರೆ. ಆದ್ರ ಔಷಧದ ಅಂಶ ಬಹಳಷ್ಟು ಹಂಗ ಉಳೀತೈತಿ. ಅದಕ್ಕ ಇಂಜೆಕ್ಷನ್ ಕೊಟ್ಟ ಮ್ಯಾಲೆ ಇಂತಿಷ್ಟು ದಿನ ಹಾಲು ಬಳಸಬ್ಯಾಡ್ರಿ ಅಂತ ಡಬ್ಬಿ ಮ್ಯಾಲೆ ಬರದಿರ್ತಾರ. ಕೆಚ್ಚಲ ಬಾವಿಗೆ ಟ್ಯೂಬ್ ಏರಿಸಿದ ಎಮ್ಮಿ ಹಾಲಿಗೆ ಹೆಪ್ಪು ಹಾಕಿದ್ರ ಎಷ್ಟೋ ಸಲ ಮೊಸರ ಆಗಂಗಿಲ್ಲ. ಹೆಪ್ಪಿನಾಗಿನ ಬ್ಯಾಕ್ಟೀರಿಯಾನೂ ಆ ಔಷಧಕ್ಕ ಸತ್ತಿರ್ತಾವ.

ಆದ್ರ ನೀವು ಹಾಲಿನ ಹಾದಿ ಒಂದ ನೋಡೀರಿ. ಔಷಧಕ್ಕ ಜಗ್ಗದ ಬ್ಯಾಕ್ಟೀರಿಯಾ ನಿಮ್ಮ ತನಕ ಬರೋ ಹೆಂಡಿ ಹಾದಿ ಇನ್ನೂ ದೊಡ್ಡದು.

ನಾನು ಹುಬ್ಬಳ್ಳಿಯೊಳಗ ಲ್ಯಾಬ್ ಟೆಕ್ನೀಷಿಯನ್. ಮೂತ್ರದ ಸೋಂಕಿನವರ ಕಲ್ಚರ್ ಮಾಡ್ತೀನಿ, ಅಂದ್ರ ಮೂತ್ರದಾಗಿನ ಬ್ಯಾಕ್ಟೀರಿಯಾ ಬೆಳಸಿ ನೋಡ್ತೀನಿ. ಪ್ಲೇಟಿನ್ಯಾಗ ಬ್ಯಾಕ್ಟೀರಿಯಾ ಹರಡಿ, ಒಂದೊಂದು ಆಂಟಿಬಯೋಟಿಕ್‌ದು ಸಣ್ಣ ಕಾಗದದ ಬಿಲ್ಲಿ ಇಡ್ತೀವಿ. ಔಷಧ ನಾಟಿದ್ರ ಬಿಲ್ಲಿ ಸುತ್ತ ಖಾಲಿ ಉಂಗುರ ಬೀಳ್ತೈತಿ, ನಾಟದಿದ್ರ ಅಂಚಿನ ತನಕ ಬೆಳದಿರ್ತಾವ. ಇ. ಕೋಲೈ ಅನ್ನೋ ಕರುಳಿನ ಬ್ಯಾಕ್ಟೀರಿಯಾದ ಪ್ಲೇಟಿನ್ಯಾಗ ಉಂಗುರ ಇಲ್ಲದ ಬಿಲ್ಲಿ ಈಗ ನಮಗ ಹೊಸದಲ್ಲ. ಆ ಜಗ್ಗದ ಗುಣ ದನದಿಂದ ಬಂತೋ, ಚೀಟಿ ಇಲ್ಲದ ಮೆಡಿಕಲ್‌ನ್ಯಾಗ ತಗೊಂಡ ಗುಳಿಗಿಯಿಂದ ಬಂತೋ, ಪ್ಲೇಟ್ ಹೇಳಂಗಿಲ್ಲ. (ನನ್ನ ಕೇಳಿದ್ರ ಮನಷಾರ ತಪ್ಪ ಹೆಚ್ಚು. ಎಲ್ಲಾ ಎಮ್ಮಿ ಕೊರಳಿಗೆ ಕಟ್ಟಬ್ಯಾಡ್ರಿ.)

ದನದ ಹೊಟ್ಟ್ಯಾಗೂ ಇ. ಕೋಲೈ ಇರ್ತಾವ. ಔಷಧ ಬಿದ್ದಾಗ ತಾಳಿಕೊಂಡವು ಉಳದು ಹೆಂಡಿಯಾಗ ಹೊರಗ ಬರ್ತಾವ. ಅಲ್ಲಿಂದ ಕೈಗೆ, ನೀರಿಗೆ, ಹಸಿ ಗೊಬ್ಬರ ಹಾಕಿದ ಮೆಂತ್ಯಾಕ್ಕ. ಅವು ನಿಮ್ಮ ಹೊಟ್ಟ್ಯಾಗ ಬಾಳ ದಿನ ಇರಬೇಕಂತಿಲ್ಲ. ಔಷಧ ತಾಳೋ ಗುಣ ಹೊತ್ತ ಪ್ಲಾಸ್ಮಿಡ್ ಅನ್ನೋ ಡಿಎನ್ಎ ತುಣುಕನ್ನ ಅಲ್ಲಿದ್ದ ಬ್ಯಾಕ್ಟೀರಿಯಾಕ್ಕ ದಾಟಿಸಿದ್ರ ಮುಗೀತು. ಅವತ್ತ ನಿಮಗೇನೂ ಆಗಂಗಿಲ್ಲ. ಮುಂದ ಎಂದರ ಸೋಂಕು ಆದಾಗ ಗುಳಿಗಿ ನಾಟಂಗಿಲ್ಲ, ಅಷ್ಟ.

ಇದು ಹೊಸ ಸುದ್ದೀನೂ ಅಲ್ಲ. ಅಮೆರಿಕದ ವಿಜ್ಞಾನಿ ಸ್ಟುವರ್ಟ್ ಲೆವಿ ಅವರು ಕೋಳಿ ಮೇವಿನ್ಯಾಗ ಟೆಟ್ರಾಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ಬೆರಸಿ ಪ್ರಯೋಗ ಮಾಡಿದ್ರು. ಕೆಲವೇ ತಿಂಗಳದಾಗ ಆ ಫಾರ್ಮಿನ ಮನಿಮಂದಿ ಹೊಟ್ಟ್ಯಾಗೂ ಔಷಧಕ್ಕ ಜಗ್ಗದ ಬ್ಯಾಕ್ಟೀರಿಯಾ ಸಿಕ್ಕವು; 1976ರಾಗ ಅದು ಪ್ರಕಟ ಆತು. 2015ರಾಗ ಚೀನಾದ ಹಂದಿಯೊಳಗೂ ರೋಗಿಗಳೊಳಗೂ ಕೊಲಿಸ್ಟಿನ್‌ಗೆ ಜಗ್ಗದ ಒಂದು ಜೀನ್ ಸಿಕ್ತು, ಅದೂ ಪ್ಲಾಸ್ಮಿಡ್ ಮ್ಯಾಲೆ. ಕೊಲಿಸ್ಟಿನ್ ಅಂದ್ರ ಬ್ಯಾರೆ ಔಷಧ ಎಲ್ಲಾ ಸೋತ ಮ್ಯಾಲೆ ಐಸಿಯುದಾಗ ಕೊಡೋ ಆಂಟಿಬಯೋಟಿಕ್. ನಮ್ಮ ಸರ್ಕಾರ 2019ರಾಗ ಅದನ್ನ ಕೋಳಿ, ದನಗಳಿಗೆ ಕೊಡೋದು ನಿಷೇಧ ಮಾಡ್ತು.

ನಿಮ್ಮ ಎಮ್ಮಿ ವಿಷಯಕ್ಕ ಬರ್ತೀನಿ. ಔಷಧದ ದಿನಗಳ ಹಾಲನ್ನ ದಂಡ ಆಗ್ತೈತಿ ಅಂತ ಕರಕ್ಕ ಕುಡಿಸಬ್ಯಾಡ್ರಿ, ಅದರ ಹೊಟ್ಟ್ಯಾಗೂ ಇದ ಕಥಿ ಶುರು ಆಗ್ತೈತಿ. ಹೋದ ಸಲ ಉಳದ ಟ್ಯೂಬ್ ನೀವ ಏರಿಸಬ್ಯಾಡ್ರಿ. ಬಾವು ಮತ್ತ ಮತ್ತ ಬಂದ್ರ ಹಾಲಿನ ಕಲ್ಚರ್ ಮಾಡಸ್ರಿ ಅಂತ ಪಶು ಡಾಕ್ಟರಿಗೆ ನೀವಾಗೇ ಹೇಳ್ರಿ. ಸ್ಯಾಂಪಲ್ ಮಾತ್ರ ಇಂಜೆಕ್ಷನ್‌ಕಿಂತ ಮೊದಲ ತಗೀಬೇಕು.