ರಾತ್ರಿ ಅಂಗಡಿ ಮುಚ್ಚಿ ಹೋಗುವವನಿಗೆ ರಿವಾಲ್ವರ್ ಲೈಸನ್ಸ್ ಬೇಕೋ, ಕರಾಟೆ ಬೇಕೋ?

ಹುಬ್ಬಳ್ಳಿಯಲ್ಲಿ ಅಂಗಡಿ, ರಾತ್ರಿ ಹತ್ತಕ್ಕೆ ದಿನದ ಗಲ್ಲಾ ಚೀಲಕ್ಕೆ ಹಾಕಿಕೊಂಡು ಸ್ಕೂಟರ್ ಮೇಲೆ ಮನೆಗೆ ಹೋಗ್ತೀನಿ, ರಿವಾಲ್ವರ್ ಲೈಸನ್ಸಿಗೆ ಅರ್ಜಿ ಹಾಕಲೋ ಕರಾಟೆ ಕ್ಲಾಸಿಗೆ ಸೇರಲೋ ಅಂತ ಕೇಳಿದ್ದೀರಿ. ನಮ್ಮ ಮನೆಯಲ್ಲಿ ಎರಡೂ ಥರದ್ದು ಇತ್ತು. ಅಪ್ಪನ ಹತ್ತಿರ ಬಂದೂಕು, ನನ್ನ ಹತ್ತಿರ ಕುಸ್ತಿ.

ಅಪ್ಪನದು ಬೆಳೆ ಕಾಯೋದಕ್ಕೆ ಲೈಸನ್ಸ್ ತೆಗೆಸಿದ ಹನ್ನೆರಡು ಬೋರಿನ ಒಂಟಿ ನಳಿಗೆ. ಧಾರವಾಡ ತಾಲ್ಲೂಕಿನ ನಮ್ಮ ಹೊಲದ ಗೋವಿನಜೋಳಕ್ಕೆ ಹಂದಿ ಬೀಳ್ತಿದ್ದವು. ವರ್ಷಕ್ಕೆ ನಾಲ್ಕೈದು ಸಲ ಗಾಳಿಯಲ್ಲಿ ಢಂ ಅನ್ನಿಸಿದರೆ ಅದರ ಕೆಲಸ ಮುಗೀತು. ಒಂದು ಅಮಾಸಿ ರಾತ್ರಿ ನಾಯಿ ಒಂದೇ ಸಮನೆ ಬೊಗಳಿತು. ಅಪ್ಪ ಎದ್ದ. ಬಂದೂಕು ಟ್ರಂಕಿನಲ್ಲಿ, ಕೀಲಿ ಅವ್ವನ ಸೆರಗಿನ ಗಂಟಿನಲ್ಲಿ, ಕಾಡತೂಸು ದೇವರ ಕೋಣೆಯ ಮಾಡದಲ್ಲಿ. ಕರೆಂಟು ಬೇರೆ ಇಲ್ಲ. ನಳಿಗೆ ಬಿಚ್ಚಿ ಕಾಡತೂಸು ತುಂಬಿ ಹಿತ್ತಲಿಗೆ ಬರುವಷ್ಟರಲ್ಲಿ ಎರಡು ಆಡು ಮಾಯ. ಪಟ್ಟಾಪಟ್ಟಿ ಚಡ್ಡಿಯಲ್ಲಿ ಬಂದೂಕು ಹಿಡಿದು ಅಪ್ಪ ಬರೇ ಗೂಟ ಕಾಯ್ತಾ ನಿಂತಿದ್ದ. 'ಸಿಕ್ಕಿದ್ರ ಸುಟ್ಟ ಬಿಡ್ತಿದ್ದೆ' ಅಂದ. ಸಿಗಲಿಲ್ಲ, ನಮ್ಮ ಪುಣ್ಯ. ಆಸ್ತಿ ಕಾಪಾಡೋದಕ್ಕೆ ಜೀವ ತೆಗೆಯುವ ಹಕ್ಕು ದರೋಡೆ, ರಾತ್ರಿ ಕನ್ನ, ಮನೆಗೆ ಬೆಂಕಿ ಇಂಥವಕ್ಕೆ ಮಾತ್ರ. ಬರೀ ಕಳವಾದರೆ ನಮ್ಮ ಜೀವಕ್ಕೋ ಭಾರಿ ಗಾಯಕ್ಕೋ ಹೆದರಿಕೆ ಇತ್ತು ಅನ್ನೋದಕ್ಕೆ ಸರಿಯಾದ ಕಾರಣ ಇರಬೇಕು. ಆಗ ಈ ನಿಯಮ ಐಪಿಸಿಯ 103ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 41ನೇ ಕಲಂ. ಓಡುವವನ ಬೆನ್ನಿಗೆ ಹೊಡೆದಿದ್ದರೆ ಆಡು ಕಳಕೊಂಡವನೇ ಆರೋಪಿ.

ನಿಮಗೆ ಲೈಸನ್ಸ್ ಕೊಡಬೇಕಾದವರು ಪೊಲೀಸ್ ಕಮಿಷನರ್ (ಗದಗ, ಹಾವೇರಿಯವರಾಗಿದ್ದರೆ ಡಿಸಿ). ವಯಸ್ಸು 21 ತುಂಬಿರಬೇಕು, ಠಾಣೆಯಿಂದ ವರದಿ ಬರಬೇಕು, ಜೀವಕ್ಕೆ ಅಪಾಯ ಇದೆ ಅಂತ ಮನವರಿಕೆ ಮಾಡಬೇಕು. ಸಿನಿಮಾದ 9 ಎಂಎಂ ಪಿಸ್ತೂಲು ಮರೆತುಬಿಡಿ, ಅದು ನಿಷೇಧಿತ ಬೋರು (ಸಾಮಾನ್ಯರಿಗೆ ಕೊಡದ ನಳಿಗೆಯ ಅಳತೆ), ನಮ್ಮಂಥವರಿಗೆ .32 ರಿವಾಲ್ವರ್. ಚುನಾವಣೆ ಬಂತೆಂದರೆ, ವಿನಾಯಿತಿ ಸಿಗದಿದ್ದರೆ, ಠಾಣೆಗೆ ಒಪ್ಪಿಸಿ ರಸೀದಿ ತಗೋಬೇಕು. ಅಪ್ಪ ಕಂಬಳಿಯಲ್ಲಿ ಸುತ್ತಿಕೊಂಡು ಹೋಗಿ ಕೊಟ್ಟು ಬರ್ತಿದ್ದ, ಮಗಳನ್ನ ಗಂಡನ ಮನೆಗೆ ಕಳಿಸಿದಂಗೆ.

ಇಷ್ಟೆಲ್ಲ ಆಗಿ ರಿವಾಲ್ವರ್ ಸೊಂಟದಲ್ಲೇ ಇದೆ ಅಂತಿಟ್ಟುಕೊಳ್ಳಿ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನಿಸ್ ಟ್ಯೂಲರ್ 1983ರಲ್ಲಿ ಇದರ ಲೆಕ್ಕ ಬರೆದಿದ್ದ. ಚಾಕು ಹಿಡಿದವನು 21 ಅಡಿ ಓಡಿ ಬಂದು ಚುಚ್ಚೋದಕ್ಕೆ ಸುಮಾರು ಒಂದೂವರೆ ಸೆಕೆಂಡು. ಕೈ ಪಳಗಿದ ಪೊಲೀಸನಿಗೂ ಪಿಸ್ತೂಲು ಎಳೆದು ಗುರಿ ಹಿಡಿದು ಹೊಡೆಯೋದಕ್ಕೆ ಹೆಚ್ಚುಕಡಿಮೆ ಅಷ್ಟೇ. ದುರ್ಗದಬೈಲಿನ ಸಂದಿಯಲ್ಲಿ 21 ಅಡಿ ಆಚೆಯಿಂದ ಬರುವವನು ನಿಮಗೆ ಕಾಣೋದಾದರೂ ಎಲ್ಲಿ? ನೀವು ಹ್ಯಾಂಡಲ್ ಹಿಡಿದಿರ್ತೀರಿ, ಮೇಲೆ ಹೆಲ್ಮೆಟ್ಟು.

ಹಂಗಂತ ಕೈಯ ವಿದ್ಯೆಯೇ ಸಲೀಸು ಅಂತಲೂ ಹೇಳಲಾರೆ. ಹದಿನಾಲ್ಕರಿಂದ ಇಪ್ಪತ್ತೆರಡರವರೆಗೆ ಗರಡಿಮನೆಯಲ್ಲಿ ಉರುಳಿದವನು ನಾನು. ಎಣ್ಣೆ, ಮಜ್ಜಿಗೆ, ಅರಿಷಿಣ ಬೆರೆಸಿ ಹದ ಮಾಡಿದ ಕೆಂಪು ಮಣ್ಣು. ಎಷ್ಟೋ ವರ್ಷದ ಮೇಲೆ ಹುಬ್ಬಳ್ಳಿಯ ಬಸ್‌ ಸ್ಟ್ಯಾಂಡಿನ ಹೊರಗೆ ಕುಡಿದವನೊಬ್ಬ ನನ್ನ ಕಾಲರ್ ಹಿಡಿದ. ಯೋಚನೆ ಮಾಡಲೇ ಇಲ್ಲ. ಕೈ ತಾನೇ ಅವನ ತೋಳಿಗೆ ಹೋಯ್ತು, ಸೊಂಟ ತಿರುಗಿತು, ಅವನು ನನ್ನ ಹೆಗಲ ಮೇಲಿಂದ ಹೋದ. ಮಣ್ಣಿನ ಮೇಲಾಗಿದ್ದರೆ ಎದ್ದು ಮೈ ಕೊಡವಿಕೊಳ್ತಿದ್ದ. ಇದು ಕಾಂಕ್ರೀಟು. ತೆಂಗಿನಕಾಯಿ ಒಡೆದಂಥ ಸಪ್ಪಳ. ಆಟೋದಲ್ಲಿ ಅವನ ತಲೆ ನನ್ನ ತೊಡೆ ಮೇಲಿತ್ತು, ಒಂಬತ್ತು ಹೊಲಿಗೆ ಬಿದ್ದವು, ಬೆಳಗಿನವರೆಗೆ ಠಾಣೆಯ ಬೆಂಚು, ಆಸ್ಪತ್ರೆ ಬಿಲ್ಲು ನನ್ನದೇ. ರಕ್ಷಣೆಗೆ ಎಷ್ಟು ಬೇಕೋ ಅಷ್ಟಕ್ಕಿಂತ ಹೆಚ್ಚು ಪೆಟ್ಟು ಕೊಡಬಾರದು ಅನ್ನೋ ಕಾನೂನು ಬಂದೂಕಿನ ಗುಂಡಿಗೆ ಇದ್ದಂತೆ ಕುಸ್ತಿಯ ಪಟ್ಟಿಗೂ ಇದೆ. ಎದುರಿಗೆ ಇಬ್ಬರಿದ್ದರೆ, ಒಬ್ಬನ ಕೈಲಿ ಚಾಕು ಇದ್ದರೆ, ನನ್ನ ಎಂಟು ವರ್ಷದ ಕುಸ್ತಿ ಏನೂ ಅಲ್ಲ.

ಆದರೂ ಕೇಳಿದರೆ ಕೈಯ ವಿದ್ಯೆಯನ್ನೇ ಆರಿಸಿ ಅಂತೀನಿ. ಹೊಡೆಯೋದಕ್ಕಲ್ಲ. ನೂಕಿದರೆ ಬೀಳದಿರೋದು, ಮುಂಗೈ ಹಿಡಿದರೆ ಬಿಡಿಸಿಕೊಳ್ಳೋದು, ಗಾಬರಿಯಲ್ಲಿ ಉಸಿರು ಕಟ್ಟದಿರೋದು ಕುಸ್ತಿ-ಜೂಡೋದಲ್ಲಿ ಬೇಗ ಬರುತ್ತೆ. ಗಾಳಿಗೆ ಗುದ್ದಿ ಬೆಲ್ಟ್ ಹಂಚುವ ಕರಾಟೆ ಕ್ಲಾಸು ಬೇಡ. ಎದುರಾಳಿ ನಿಜವಾಗಿ ಹಿಡಿದೆಳೆಯುವ ಕಡೆ ಹೋಗಿ. ದುಡ್ಡು ಕೇಳಿದರೆ ಚೀಲ ಒಂದು ಕಡೆ ಎಸೆದು ನೀವು ಇನ್ನೊಂದು ಕಡೆ ಓಡಿ, ಆಮೇಲೆ 112ಕ್ಕೆ ಫೋನ್ ಹಚ್ಚಿ. ಗಿರಾಕಿಗಳಿಗೆ ಯುಪಿಐ ರೂಢಿ ಮಾಡಿಸಿ, ಚೀಲವೇ ಹಗುರಾಗುತ್ತೆ.

ಜೇಬಿನಲ್ಲಿ ಖಾರದ ಪುಡಿ ಇಟ್ಕೊಳ್ಳಿ ಅಂತ ನಿಮ್ಮ ಪ್ರಶ್ನೆಗೆ ಯಾರೋ ಉತ್ತರ ಬರೆದಿದ್ದಾರೆ. ನಮ್ಮ ಬ್ಯಾಡಗಿ ಮೆಣಸಿನಕಾಯಿಯದು ಬಣ್ಣ ಜಾಸ್ತಿ, ಖಾರ ಕಮ್ಮಿ. ಕಳ್ಳ ಕೆಂಪಗಾಗಿ ಬರ್ತಾನೆ, ಅಷ್ಟೇ. ಬೇಕಿದ್ದರೆ ಅಂಗಡಿಯ ಪೆಪ್ಪರ್ ಸ್ಪ್ರೇ ತಗೊಳ್ಳಿ, ಅದಕ್ಕೆ ಲೈಸನ್ಸ್ ಬೇಡ, ಗಾಳಿ ಯಾವ ಕಡೆಗೆ ಅಂತ ನೋಡಿ ಒತ್ತಿ.

ಗರಡಿಗೆ ಹೋದರೆ ಮೊದಲ ತಿಂಗಳು ವಸ್ತಾದ ಬೀಳೋದನ್ನೇ ಕಲಿಸ್ತಾನೆ. ಬೇಜಾರಾಗಿ ಬಿಡಬೇಡಿ. ಕಳ್ಳ ಸಿಗ್ತಾನೋ ಇಲ್ಲವೋ, ಹುಬ್ಬಳ್ಳಿ ರಸ್ತೆಯಲ್ಲಿ ದಿನಾ ಸ್ಕೂಟರ್ ಓಡಿಸ್ತೀರಲ್ಲ.