ಬೀರು ಬಾಗಿಲ ಮೇಲಿನ ಹಾಳೆ

ಓದುಗರ ಪತ್ರ:

ಸಂಪಾದಕರಿಗೆ ನಮಸ್ಕಾರ. ನಾನು ಮೈಸೂರಿನವನು, ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ವಯಸ್ಸು 46. ಈ ಜನವರಿಯಲ್ಲಿ ಮುಂಬೈ ಮ್ಯಾರಥಾನ್ ಓಡಿ ಮುಗಿಸಿದೆ. 5 ಗಂಟೆ 12 ನಿಮಿಷ ಹಿಡಿಯಿತು. ಅದಕ್ಕಾಗಿ 18 ವಾರ ತಪ್ಪದೆ ಅಭ್ಯಾಸ ಮಾಡಿದ್ದೆ. ಊರಿಗೆ ವಾಪಸ್ ಬಂದು ಎಂಟು ವಾರ ಆಯಿತು. ಓಡಲು ಮನಸ್ಸೇ ಬರುತ್ತಿಲ್ಲ. ಐದು ಗಂಟೆಗೆ ಅಲಾರಂ ಹೊಡೆಯುತ್ತದೆ, ಆಫ್ ಮಾಡಿ ಮಲಗುತ್ತೇನೆ. ಹೋದ ವಾರ ಹಟ ಮಾಡಿ ಕುಕ್ಕರಹಳ್ಳಿ ಕೆರೆಗೆ ಹೋದೆ. ಮೂರು ಕಿಲೋಮೀಟರಿಗೇ ಏದುಸಿರು ಬಂತು. ಗಳಿಸಿದ್ದೆಲ್ಲ ಹೋಯಿತು ಅನ್ನಿಸಿತು. ಸ್ಟಾಫ್ ರೂಮಿನಲ್ಲಿ ‘ಮುಂದಿನದು ಯಾವ್ದು ಸಾರ್?’ ಅಂತ ಕೇಳಿದರೆ ಏನೋ ಒಂದು ಸುಳ್ಳು ಹೇಳುತ್ತೇನೆ. ನಾನು ಸೋಮಾರಿ ಆಗಿಬಿಟ್ಟೆನಾ? ಮುಂದಿನ ಜನವರಿಗೆ ಮತ್ತೆ ಹೆಸರು ಕೊಟ್ಟರೆ ಸರಿಹೋಗುತ್ತದಾ?

(ಹೆಸರು ಹಾಕಬೇಡಿ ಎಂದಿದ್ದಾರೆ)

ಸಂಪಾದಕರ ಉತ್ತರ:

ಪ್ರೀತಿಯ ಮೇಷ್ಟ್ರೇ,

ನಿಮ್ಮ ಪತ್ರ ಮೂರು ಪುಟ ಇತ್ತು. ಜಾಗ ಸಾಲದೆ ಮೇಲೆ ಸ್ವಲ್ಪ ಮಾತ್ರ ಹಾಕಿದ್ದೇನೆ. ಆದರೆ ಎರಡನೇ ಪುಟದಲ್ಲಿ ನೀವು ಬರೆದಿರುವ ಒಂದು ವಿಷಯ ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. ಅಭ್ಯಾಸದ ವೇಳಾಪಟ್ಟಿಯನ್ನು ಪ್ರಿಂಟ್ ತೆಗೆಸಿ ಬೀರು ಬಾಗಿಲಿಗೆ ಅಂಟಿಸಿದ್ದಿರಂತೆ. ದಿನಾ ಓಡಿ ಬಂದು, ಮಕ್ಕಳ ಉತ್ತರ ಪತ್ರಿಕೆ ತಿದ್ದುವ ಕೆಂಪು ಪೆನ್ನಿನಿಂದಲೇ ಒಂದು ರೈಟ್ ಮಾರ್ಕು ಹಾಕುತ್ತಿದ್ದಿರಂತೆ. ಹದಿನೆಂಟು ಸಾಲು, ಸಾಲಿಗೆ ಏಳು ಮನೆ. ಕಟ್ಟಕಡೆಯ ಮನೆಯಲ್ಲಿ ‘42.2’ ಎಂದಿದೆ. ಅದಕ್ಕೂ ಕೆಂಪು ಗುರುತು ಬಿದ್ದಿದೆ. ಆ ಹಾಳೆ ಇನ್ನೂ ಅಲ್ಲೇ ಇದೆ, ಕೀಳಲು ಕೈ ಬರುತ್ತಿಲ್ಲ ಅಂದಿದ್ದೀರಿ.

ನೀವು ಕೇಳಿದ ಪ್ರಶ್ನೆಗೆ ಉತ್ತರ ಆ ಹಾಳೆಯಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ಅದರ ಕೊನೆಯ ಸಾಲಿನ ಕೆಳಗೆ ಏನೂ ಇಲ್ಲ.

ಹದಿನೆಂಟು ವಾರ ನೀವು ಬೆಳಿಗ್ಗೆ ಐದಕ್ಕೆ ಎದ್ದು ‘ಇವತ್ತು ಹೋಗಲಾ ಬೇಡವಾ’ ಎಂದು ಯೋಚಿಸಲೇ ಇಲ್ಲ. ಹಾಳೆ ಮೊದಲೇ ತೀರ್ಮಾನ ಮಾಡಿ ಇಟ್ಟಿತ್ತು. ಮಂಗಳವಾರ ಎಂಟು, ಗುರುವಾರ ಹತ್ತು, ಭಾನುವಾರ ಇಪ್ಪತ್ತೆರಡು. ನಿಮಗಿದ್ದ ಕೆಲಸ ಶೂ ಕಟ್ಟಿಕೊಳ್ಳುವುದಷ್ಟೇ. ಈಗ ಹಾಳೆ ಸುಮ್ಮನಾಗಿದೆ. ದಿನಾ ಬೆಳಿಗ್ಗೆ ನೀವೇ ತೀರ್ಮಾನ ಮಾಡಬೇಕು. ಅದೂ ಹಾಸಿಗೆಯಲ್ಲಿ, ಕತ್ತಲಲ್ಲಿ, ಹೊದಿಕೆಯ ಒಳಗೆ. ಅಲ್ಲಿ ಕೇಳಿಕೊಂಡರೆ ಯಾರಿಗೇ ಆಗಲಿ ಬರುವ ಉತ್ತರ ಒಂದೇ. ಇದನ್ನು ಸೋಮಾರಿತನ ಎಂದು ಕರೆಯಲು ನಾನು ತಯಾರಿಲ್ಲ. ಸೋಮಾರಿ ಮನುಷ್ಯ ಹದಿನೆಂಟು ವಾರ ರೈಟ್ ಮಾರ್ಕು ಹಾಕುವುದಿಲ್ಲ.

ನೀವು ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಮಕ್ಕಳನ್ನು ನೋಡುತ್ತೀರಿ. ವರ್ಷವಿಡೀ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಓದಿದ ಹುಡುಗ ಕೊನೆಯ ಪರೀಕ್ಷೆಯ ಮರುದಿನ ಪುಸ್ತಕ ಮುಟ್ಟುವುದಿಲ್ಲ. ಒಂದು ವಾರ ಕುಣಿಯುತ್ತಾನೆ. ಎರಡನೇ ವಾರ ಮಂಕಾಗಿ ಕೂರುತ್ತಾನೆ. ‘ಬೇಜಾರು ಸಾರ್’ ಅನ್ನುತ್ತಾನೆ. ನೀವು ಅವನಿಗೆ ಬೈಯುವುದಿಲ್ಲ, ಅಲ್ವಾ? ಆದರೆ ಅದೇ ತರಗತಿಯಲ್ಲಿ ಇನ್ನೊಬ್ಬ ಹುಡುಗಿ ಇರುತ್ತಾಳೆ. ಪರೀಕ್ಷೆ ಮುಗಿದ ಮೇಲೂ ಒಂದು ರೇಖಾಗಣಿತದ ಸಮಸ್ಯೆ ಹಿಡಿದುಕೊಂಡು ನಿಮ್ಮ ಮನೆ ಬಾಗಿಲಿಗೆ ಬರುತ್ತಾಳೆ. ಅವಳಿಗೆ ಲೆಕ್ಕದ ರುಚಿ ಹತ್ತಿದೆ, ಪರೀಕ್ಷೆ ಇರಲಿ ಬಿಡಲಿ. ನಿಮಗೂ ಓಟದ ರುಚಿ ಒಂದು ಕಾಲಕ್ಕೆ ಹತ್ತಿತ್ತು. ನಡುವೆ ಪರೀಕ್ಷೆ ಬಂದು ಅದನ್ನು ಮುಚ್ಚಿಬಿಟ್ಟಿದೆ ಅಂತ ನನ್ನ ಅನಿಸಿಕೆ. ಹೀಗೇಕೆ ಹೇಳುತ್ತಿದ್ದೇನೆ ಎಂಬುದನ್ನು ಕೊನೆಗೆ ಬರೆಯುತ್ತೇನೆ. ಮೊದಲು ಆ ಏದುಸಿರಿನ ವಿಷಯ.

ಮೇಷ್ಟ್ರೇ, ನಿಮ್ಮ ಲೆಕ್ಕ ಇಲ್ಲಿ ತಪ್ಪಿದೆ. ಎಂಟು ವಾರ ಹಾಳಾಯಿತು ಎಂದು ಬರೆದಿದ್ದೀರಿ. ಓಟಗಾರರ ನಡುವೆ ಒಂದು ಹಳೆಯ ಮಾತಿದೆ: ಪೈಪೋಟಿಯಲ್ಲಿ ಓಡಿದ ಪ್ರತಿ ಮೈಲಿಗೆ ಒಂದು ದಿನದ ಆರಾಮ. ಇದು ಸೂತ್ರವಲ್ಲ, ಅನುಭವದ ಲೆಕ್ಕ. ಮ್ಯಾರಥಾನ್ 26 ಮೈಲಿಗಿಂತ ಚೂರು ಜಾಸ್ತಿ. ಅಂದರೆ ಸುಮಾರು ನಾಲ್ಕು ವಾರ ನಿಮ್ಮ ದೇಹಕ್ಕೆ ನ್ಯಾಯವಾಗಿ ಸಲ್ಲಬೇಕಾದದ್ದೇ. 42 ಕಿಲೋಮೀಟರ್ ಡಾಂಬರಿನ ಮೇಲೆ ಓಡಿದಾಗ ತೊಡೆ, ಮೀನಖಂಡಗಳ ನಾರುಗಳಲ್ಲಿ ಸಣ್ಣ ಸಣ್ಣ ಸೀಳುಗಳಾಗುತ್ತವೆ. ನೋವು ನಾಲ್ಕೈದು ದಿನಕ್ಕೆ ಹೋಗುತ್ತದೆ. ಒಳಗಿನ ರಿಪೇರಿ ಎರಡು ಮೂರು ವಾರ ನಡೆಯುತ್ತಲೇ ಇರುತ್ತದೆ. ಕಪ್ಪಾದ ಕಾಲುಗುರು ಬಿದ್ದು ಹೊಸದು ಪೂರ್ತಿ ಬರಲು ಎಷ್ಟೋ ತಿಂಗಳು ಬೇಕು. ಜಗತ್ತಿನ ದೊಡ್ಡ ಓಟಗಾರ, ಕೀನ್ಯಾದ ಎಲಿಯುಡ್ ಕಿಪ್ಚೋಗೆ ತನ್ನ ಒಳ್ಳೆಯ ದಿನಗಳಲ್ಲೂ ಸಾಮಾನ್ಯವಾಗಿ ವರ್ಷಕ್ಕೆ ಎರಡೇ ಮ್ಯಾರಥಾನ್ ಓಡಿದ್ದು. 2022ರಲ್ಲಿ ಬರ್ಲಿನ್‌ನಲ್ಲಿ 2 ಗಂಟೆ 1 ನಿಮಿಷ 9 ಸೆಕೆಂಡಿನಲ್ಲಿ ಮುಗಿಸಿದ ಕಾಲುಗಳಿಗೂ ವಿರಾಮ ಬೇಕು. ದಿನವಿಡೀ ಬೋರ್ಡಿನ ಮುಂದೆ ನಿಂತು ಪಾಠ ಮಾಡುವ ನಿಮ್ಮ ಕಾಲುಗಳಿಗೆ ಬೇಡವೇ?

ಇನ್ನು ಮೂರು ಕಿಲೋಮೀಟರಿಗೆ ಬಂದ ಏದುಸಿರು. ಅಭ್ಯಾಸ ನಿಂತಾಗ ಬೇಗ ಇಳಿಯುವ ಒಂದು ಅಂಶ ಎಂದರೆ ರಕ್ತದ ಪ್ರಮಾಣ, ಅದರಲ್ಲೂ ಪ್ಲಾಸ್ಮಾ ಎಂಬ ನೀರಿನ ಭಾಗ. ಆಗ ಹೃದಯದ ಒಂದೊಂದು ಬಡಿತಕ್ಕೆ ಹೊರಡುವ ರಕ್ತ ಕಡಿಮೆಯಾಗುತ್ತದೆ. ಹಳೇ ವೇಗದಲ್ಲೇ ಓಡಿದರೂ ಹೃದಯ ಜಾಸ್ತಿ ಸಲ ಬಡಿಯಬೇಕಾಗುತ್ತದೆ. ಅದೇ ನಿಮಗೆ ಏದುಸಿರಾಗಿ ಕೇಳಿಸಿದ್ದು. ಆದರೆ ಬೇಗ ಇಳಿಯುವ ಈ ಅಂಶವೇ ಬೇಗ ವಾಪಸ್ ಬರುವುದೂ ಹೌದು. ಎರಡು ಮೂರು ವಾರ ಸಮಾಧಾನವಾಗಿ ಓಡಿದರೆ ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ. ವರ್ಷಗಟ್ಟಲೆ ಕಟ್ಟಿದ ಉಳಿದ ಗಟ್ಟಿತನ ಅಷ್ಟು ಸುಲಭಕ್ಕೆ ಕರಗುವುದಿಲ್ಲ. ಜೊತೆಗೆ ನೀವು ಅಭ್ಯಾಸ ಮಾಡಿದ್ದು ದಸರೆಯಿಂದ ಸಂಕ್ರಾಂತಿವರೆಗಿನ ತಂಪಿನಲ್ಲಿ. ಈಗ ಮಾರ್ಚ್. ಏಳು ಗಂಟೆಗೇ ಬಿಸಿಲು ಬೆನ್ನಿಗೆ ಚುರುಕು ಮುಟ್ಟಿಸುತ್ತದೆ. ಸೆಕೆಗೂ ಎದೆಬಡಿತ ಏರುತ್ತದೆ. ಹಾಗಾಗಿ ಆ ಒಂದು ಬೆಳಗಿನ ಓಟ ನೋಡಿ ‘ಎಲ್ಲ ಹೋಯಿತು’ ಎಂದು ತೀರ್ಪು ಬರೆಯಬೇಡಿ.

ದೇಹದ ಮಾತು ಆಯಿತು. ಮನಸ್ಸಿನ ಮಾತೇ ಕಷ್ಟದ್ದು.

ಮದುವೆ ಮುಗಿದ ಮನೆ ನೋಡಿದ್ದೀರಲ್ಲ? ಮೂರು ತಿಂಗಳು ಇಡೀ ಮನೆ ಒಂದೇ ದಿನಕ್ಕಾಗಿ ಓಡಾಡಿರುತ್ತದೆ. ಮದುಮಗಳನ್ನು ಕಳಿಸಿಕೊಟ್ಟ ಮರುದಿನ ಚಪ್ಪರದ ಮಾವಿನೆಲೆ ಮುದುರಿಕೊಂಡಿರುತ್ತದೆ. ಬಾಡಿಗೆ ಪಾತ್ರೆ ಎಣಿಸಿ ವಾಪಸ್ ಕಳಿಸುತ್ತಿರುತ್ತಾರೆ. ಎಲ್ಲ ಚೆನ್ನಾಗಿಯೇ ನಡೆದಿದೆ. ಆದರೂ ಮನೆಯ ಯಜಮಾನಿ ಹಿತ್ತಿಲ ಮೆಟ್ಟಿಲ ಮೇಲೆ ಒಬ್ಬಳೇ ಕೂತಿರುತ್ತಾಳೆ. ಅವಳನ್ನು ಯಾರೂ ‘ನಿನಗೆ ಮಗಳ ಮೇಲೆ ಪ್ರೀತಿ ಇಲ್ಲ’ ಅನ್ನುವುದಿಲ್ಲ.

ಅಭಿನವ್ ಬಿಂದ್ರಾ ಇದನ್ನು ಮುಚ್ಚುಮರೆ ಇಲ್ಲದೆ ಹೇಳಿಕೊಂಡಿದ್ದಾರೆ. 2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ 10 ಮೀಟರ್ ಏರ್ ರೈಫಲ್ ಚಿನ್ನ. ಒಲಿಂಪಿಕ್ಸ್‌ನಲ್ಲಿ ವೈಯಕ್ತಿಕ ಚಿನ್ನ ಗೆದ್ದ ಮೊದಲ ಭಾರತೀಯ ಅವರು. ಹುಡುಗನಾಗಿದ್ದಾಗಿನಿಂದ ಒಂದೇ ಗುರಿ. ಅದು ಕೈಗೆ ಸಿಕ್ಕ ಮೇಲೆ ದೊಡ್ಡ ಖಾಲಿತನ ಆವರಿಸಿತು, ಸೋಲಿಗಿಂತ ಆ ಗೆಲುವೇ ತನ್ನ ಮನಸ್ಸಿಗೆ ಹೆಚ್ಚು ಕಷ್ಟ ಕೊಟ್ಟಿತು ಎಂಬರ್ಥದ ಮಾತನ್ನು ಅವರು ಹೇಳಿದ್ದಾರೆ. ಈಜುಗಾರ ಮೈಕೆಲ್ ಫೆಲ್ಪ್ಸ್ ಕೂಡ ಒಲಿಂಪಿಕ್ಸ್‌ಗಳ ನಂತರ ಖಿನ್ನತೆಗೆ ಜಾರಿದ್ದನ್ನು ಬಹಿರಂಗವಾಗಿ ಮಾತಾಡಿದವರು. ಬಿಂದ್ರಾ ನಿಧಾನವಾಗಿ ಮತ್ತೆ ಶೂಟಿಂಗಿಗೆ ಬಂದರು. 2016ರ ರಿಯೋದಲ್ಲಿ ನಾಲ್ಕನೇ ಸ್ಥಾನ. ನನಗೆ ಆ ನಾಲ್ಕನೇ ಸ್ಥಾನದ ಮೇಲೂ ಚಿನ್ನದಷ್ಟೇ ಗೌರವ. ಗೆಲ್ಲಬೇಕಾದದ್ದನ್ನು ಗೆದ್ದು ಎಂಟು ವರ್ಷ ಆದ ಮೇಲೂ ರೈಫಲ್ ಹಿಡಿದು ನಿಂತರಲ್ಲ.

ಈಗ ನಿಮ್ಮ ಕೊನೆಯ ಪ್ರಶ್ನೆ: ಮುಂದಿನ ಜನವರಿಗೆ ಹೆಸರು ಕೊಡಲಾ? ಈಗಲೇ ಬೇಡ. ಇದನ್ನು ನನ್ನ ಅನುಭವದಿಂದ ಹೇಳುತ್ತಿದ್ದೇನೆ.

ಕೆಲವು ವರ್ಷದ ಹಿಂದೆ ನಾನೂ ಒಂದು ಪೂರ್ತಿ ಮ್ಯಾರಥಾನ್ ಓಡಿದೆ. ಎರಡೇ ವಾರಕ್ಕೆ ನಿಮ್ಮ ಹಾಗೇ ಮನಸ್ಸು ಖಾಲಿಯಾಯಿತು. ಆ ಖಾಲಿತನ ತಡೆಯಲಾಗದೆ ತಕ್ಷಣ ಇನ್ನೊಂದು ಓಟಕ್ಕೆ ದುಡ್ಡು ಕಟ್ಟಿದೆ. ಮೊಣಕಾಲಿನ ಕೆಳಗೆ, ಮುಂಭಾಗದ ಮೂಳೆಯಲ್ಲಿ ಒಂದು ಜಾಗ ನೋಯುತ್ತಿತ್ತು. ಬೆರಳಿಟ್ಟು ತೋರಿಸುವಷ್ಟು ಸಣ್ಣ ಜಾಗ. ನೋವಿನ ಮೇಲೇ ಓಡಿದೆ. ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಎಂದರು ಡಾಕ್ಟರು. ನಾಲ್ಕು ತಿಂಗಳು ಓಟ ಬಂದ್. ಅದು ಪೂರ್ತಿ ನನ್ನದೇ ತಪ್ಪು. ಬೇಜಾರಿಗೆ ಮದ್ದು ಹುಡುಕುವ ಅವಸರದಲ್ಲಿ ಕಾಲಿನ ಮಾತು ಕೇಳಲಿಲ್ಲ.

ಆ ನಾಲ್ಕು ತಿಂಗಳಾದ ಮೇಲೂ ಓಡುವ ಮನಸ್ಸಿರಲಿಲ್ಲ. ನಮ್ಮ ಅತ್ತಿಗೆಗೆ ಸಕ್ಕರೆ ಕಾಯಿಲೆ, ದಿನಾ ನಡೆಯಲು ಹೇಳಿದ್ದರು. ಒಬ್ಬರೇ ಹೋಗಲು ಬೇಜಾರು ಅಂತ ನನ್ನನ್ನು ಕರೆದರು. ಸಂಜೆ ಲಾಲ್‌ಬಾಗ್‌ನಲ್ಲಿ ಮಾತಾಡುತ್ತಾ ನಡೆಯುತ್ತಿದ್ದೆವು. ಮಾವಿನಕಾಯಿ ರೇಟು, ಅವರ ತಂಗಿಯ ಮನೆ ಕತೆ. ಮೇ ತಿಂಗಳ ಒಂದು ಸಂಜೆ ಬಂಡೆಯ ಹತ್ತಿರ ಇದ್ದಾಗ ದಪ್ಪ ದಪ್ಪ ಹನಿ ಬಿತ್ತು. ಇದ್ದ ಒಂದು ಕೊಡೆ ಅತ್ತಿಗೆ ಕೈಲಿತ್ತು. ‘ನೀನು ಓಡು, ನಾನು ಬರ್ತೀನಿ’ ಅಂದರು. ಗಾಜಿನ ಮನೆ ಕಡೆಗೆ ಓಡಿದೆ. ಚಪ್ಪಲಿ ಕಾಲಲ್ಲಿ, ಕೈಯಲ್ಲಿ ವಾಚ್ ಇಲ್ಲ. ಅಲ್ಲಿ ಹೋಗಿ ನಿಂತು ತಲೆ ಒರೆಸಿಕೊಳ್ಳುವಾಗ ಗೊತ್ತಾಯಿತು, ಎಷ್ಟೋ ತಿಂಗಳ ಮೇಲೆ ನಾನು ಓಡಿದ್ದೆ. ಎಷ್ಟು ದೂರ, ಎಷ್ಟು ವೇಗ ಅಂತ ಕೇಳುವವರು ಯಾರೂ ಇರಲಿಲ್ಲ. ತುಂಬ ಖುಷಿಯಾಗಿತ್ತು. ಮಾರನೇ ದಿನ ಶೂ ಹಾಕಿಕೊಂಡು ಹೋದೆ.

ಮಳೆಗೆ ಕಾಯಿರಿ ಎಂದು ನಿಮಗೆ ಹೇಳುವುದಿಲ್ಲ. ಆದರೆ ಇಷ್ಟು ಮಾಡಿ. ಆ ಹಾಳೆಯನ್ನು ಬೀರು ಬಾಗಿಲಿಂದ ಕಿತ್ತು ಒಳಗೆ, ಪದಕದ ಜೊತೆ ಇಡಿ. ಎಸೆಯಬೇಡಿ, ಅದು ನಿಮ್ಮ ದುಡಿಮೆ. ಆ ಜಾಗಕ್ಕೆ ಹೊಸ ಹಾಳೆ ಅಂಟಿಸಬೇಡಿ. ವಾರಕ್ಕೆ ಮೂರೇ ದಿನ ಸಾಕು, ಮಂಗಳವಾರ, ಗುರುವಾರ, ಭಾನುವಾರ. ಇಪ್ಪತ್ತರಿಂದ ಮೂವತ್ತು ನಿಮಿಷ, ಅಷ್ಟೇ. ಮಾತಾಡಿಕೊಂಡು ಓಡುವಷ್ಟು ನಿಧಾನ. ದಣಿವಾದರೆ ನಡೆಯಿರಿ. ವಾಚ್ ಮನೆಯಲ್ಲಿ ಬಿಡಿ. ಬೇರೆಯವರ ಓಟ ತೋರಿಸುವ ಆ ಆ್ಯಪನ್ನು ಒಂದು ತಿಂಗಳು ಮೊಬೈಲಿಂದ ತೆಗೆದುಬಿಡಿ. ಹೋಗಬೇಕೋ ಬೇಡವೋ ಎಂಬ ತೀರ್ಮಾನವನ್ನು ರಾತ್ರಿ ಊಟ ಆದ ಮೇಲೆ ಮಾಡಿ, ಬಟ್ಟೆ ಶೂ ಬಾಗಿಲ ಹತ್ತಿರ ಇಟ್ಟು ಮಲಗಿ. ಬೆಳಿಗ್ಗೆ ಐದು ಗಂಟೆಯ ತಲೆಗೆ ಆ ಕೆಲಸ ಕೊಡಬೇಡಿ. ಆಗದಿದ್ದರೆ ಸಂಜೆ ಹೋಗಿ. ಓಟವೇ ಬೇಡ ಅನ್ನಿಸಿದ ವಾರ ಸೈಕಲ್ ತುಳಿಯಿರಿ, ಇಲ್ಲವೇ ಮನೆಯವರ ಜೊತೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ. ಆರೋಗ್ಯದ ದೃಷ್ಟಿಯಿಂದ ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಹದವಾದ ವ್ಯಾಯಾಮ. ಚುರುಕಾದ ನಡಿಗೆಯೂ ಅದರಲ್ಲಿ ಸೇರುತ್ತದೆ. ವಾರಕ್ಕೆ ಐವತ್ತು ಅರವತ್ತು ಕಿಲೋಮೀಟರ್ ಓಡುವುದು ಮ್ಯಾರಥಾನ್ ಕೇಳುವ ಬೆಲೆ. ಬದುಕು ಅಷ್ಟು ಕೇಳುವುದಿಲ್ಲ.

ಸ್ಟಾಫ್ ರೂಮಿನಲ್ಲಿ ಸುಳ್ಳು ಹೇಳುವುದನ್ನು ಮಾತ್ರ ನಾಳೆಯೇ ನಿಲ್ಲಿಸಿ. ‘ಸದ್ಯಕ್ಕೆ ಯಾವುದೂ ಇಲ್ಲ, ಆರಾಮ ತಗೊಳ್ತಿದೀನಿ’ ಅನ್ನಿ. ಒಂದು ಸಲ ಹೇಳಿದರೆ ಆ ಪ್ರಶ್ನೆಯ ಮುಳ್ಳು ಮುರಿಯುತ್ತದೆ.

ಒಂದು ಎಚ್ಚರದ ಮಾತು. ಓಡುವುದೊಂದೇ ಬೇಡವಾಗಿದ್ದರೆ ಅದು ನಾನು ಮೇಲೆ ಬರೆದ ಬಗೆಯದು. ಹಾಗಲ್ಲದೆ ನಿದ್ದೆ ಕೆಟ್ಟಿದ್ದರೆ, ಊಟ ಸೇರದಿದ್ದರೆ, ಪಾಠ ಮಾಡುವುದು, ಮಕ್ಕಳು, ಮನೆಮಂದಿ ಯಾವುದರಲ್ಲೂ ಖುಷಿ ಇಲ್ಲದೆ ಎರಡು ವಾರ ದಾಟಿದ್ದರೆ, ಅದನ್ನು ಓಟದ ಲೆಕ್ಕಕ್ಕೆ ಹಾಕಿ ಸುಮ್ಮನಿರಬೇಡಿ. ಡಾಕ್ಟರ ಹತ್ತಿರ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ.

ಕೊನೆಗೆ ಹೇಳುತ್ತೇನೆ ಅಂದಿದ್ದೆನಲ್ಲ, ಆ ಮಾತು. ನಿಮ್ಮ ಪತ್ರದ ಮೂರನೇ ಪುಟದಲ್ಲಿ, ಬರೆದು ಮುಗಿಸಿದ ಮೇಲೆ ನೆನಪಾಗಿ ಸೇರಿಸಿದ ಹಾಗೆ, ಅಂಚಿನಲ್ಲಿ ಎರಡು ಸಾಲು ಇವೆ. ಆರು ವರ್ಷದ ಹಿಂದೆ ಬಿಪಿ ಇದೆ ಅಂತ ಡಾಕ್ಟರು ಹೇಳಿದ್ದಕ್ಕೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಓಡಲು ಶುರು ಮಾಡಿದಿರಿ. ಆಗೆಲ್ಲ ಅರ್ಧ ದಾರಿಯಲ್ಲಿ ನಿಂತು ಹೆಜ್ಜಾರ್ಲೆಗಳನ್ನು ನೋಡುತ್ತಿದ್ದಿರಿ. ಅಷ್ಟು ದಪ್ಪದ ಹಕ್ಕಿ ನೀರಿನ ಮೇಲೆ ಇಳಿಯುವಾಗ ಕಾಲು ಮುಂದೆ ಚಾಚಿ ಜಾರಿಕೊಂಡು ಬರುವುದನ್ನು ನೋಡಲೆಂದೇ ಬೇಗ ಏಳುತ್ತಿದ್ದಿರಿ. ಮ್ಯಾರಥಾನ್ ಅಭ್ಯಾಸ ಶುರುವಾದ ಮೇಲೆ ನಿಂತರೆ ಟೈಮ್ ಹಾಳು ಅಂತ ಆ ಕಡೆ ನೋಡುವುದನ್ನೇ ಬಿಟ್ಟಿರಿ. ಇದೆಲ್ಲ ಎರಡೇ ಸಾಲಿನಲ್ಲಿತ್ತು. ಇಡೀ ಪತ್ರದಲ್ಲಿ ನನಗೆ ತುಂಬ ಇಷ್ಟವಾದ ಸಾಲುಗಳು ಅವೇ.

ಮುಂಬೈಗೆ ಹೆಸರು ಕೊಡುವ ವಿಷಯ ಮಳೆಗಾಲದಲ್ಲಿ ನೋಡೋಣ. ಈ ಭಾನುವಾರ ಬಿಸಿಲೇರುವ ಮೊದಲು ಕೆರೆಗೆ ಹೋಗಿ, ಅರ್ಧ ದಾರಿಯಲ್ಲಿ ನಿಲ್ಲಿ. ಎಷ್ಟು ಹೆಜ್ಜಾರ್ಲೆ ಇದ್ದವು ಅಂತ ಎಣಿಸಿ ನನಗೊಂದು ಕಾರ್ಡು ಬರೆಯಿರಿ.

ನಿಮ್ಮ,
ಸಂಪಾದಕ